ನಮ್ಮ ಮನಿ ವೈಫೈಗೆ ಕೀಲಿ ಹಾಕಿದ್ದು

ಫೋನ್ ಮಾಡಿದವರಿಗೆಲ್ಲಾ "ಆಮ್ಯಾಲೆ ಹೇಳ್ತೀನಿ, ಅದೊಂದು ದೊಡ್ಡ ಕಥಿ" ಅಂತ ಹೇಳಿ ಇಟ್ಟೀನಿ. ಒಬ್ಬೊಬ್ಬರಿಗೆ ಹೇಳ್ಕೋತ ಕುಂತ್ರ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತತಾವು. ಅದಕ್ಕ ಇಲ್ಲೆ ಒಮ್ಮೆಲೆ ಬರದು ಬಿಡ್ತೀನಿ, ಎಲ್ಲಾರೂ ಓದ್ರಿ. ನಿಮ್ಮ ಮನ್ಯಾಗೂ ಗ್ವಾಡಿಗೆ ಹಸರ ದೀಪ ಮಿಣಮಿಣ ಅನ್ನೋ ವೈಫೈ ಡಬ್ಬಿ ಐತೆಲ್ಲಾ, ಇದು ಅದರ ಕಥಿ.

ನಿಮಗ ಗೊತ್ತಿದ್ದಂಗ ನಾವು ಇರೋದು ಧಾರವಾಡದ ಸಪ್ತಾಪುರದಾಗ. ಎಲ್ಲಿ ನೋಡಿದ್ರಲ್ಲಿ ಕೋಚಿಂಗ್ ಕ್ಲಾಸು, ಪಿಜಿ, ಝೆರಾಕ್ಸ್ ಅಂಗಡಿ. ಪಿಎಸ್‌ಐ, ಕೆಎಎಸ್ ಅಂತ ಓದಾಕ ಬಂದ ಹುಡುಗೂರು ಓಣಿ ತುಂಬ. ನಮ್ಮ ಗೇಟಿನ ಮುಂದ ಬೇವಿನ ಗಿಡಕ್ಕ ಕಟ್ಟಿ ಕಟ್ಟಿಸೀವಿ. ಸಂಜಿಮುಂದ ಐದಾರು ಹುಡುಗೂರು ಮೊಬೈಲ್ ಹಿಡಕೊಂಡು ಅಲ್ಲೆ ಬಂದು ಕುಂಡ್ರತಿದ್ರು. ಪಾಪ, ಪಿಜಿ ಖೋಲಿ ಸಣ್ಣವು, ಗಾಳಿಗೆ ಬರ್ತಾರ ಅಂತ ನಾ ತಿಳ್ಕೊಂಡಿದ್ದೆ. ಬ್ಯಾಸಗ್ಯಾಗ ಒಂದೆರಡು ಸಲ ತಂಬಿಗಿ ತುಂಬ ಮಜ್ಜಿಗೀನೂ ಕೊಟ್ಟೀನಿ. ಅವರು ಗಾಳಿಗೆ ಬರ್ತಿದ್ದಿಲ್ಲ ಅನ್ನೋದು ಗೊತ್ತಾಗಾಕ ಈ ಸಲದ ಪಂಚಮಿನ ಬರಬೇಕಾತು.

ತಲಬಾಗಲ ಬಾಜು ಖೋಲಿ ನಮ್ಮನಿಯವರ ಆಫೀಸು. ಆಫೀಸು ಅಂದ್ರ ಒಂದು ಟೇಬಲ್ಲು, ಒಂದು ಕಂಪ್ಯೂಟರ್, ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಬಂದವರಿಗೆ ನಾಲ್ಕು ಕುರ್ಚಿ. ಕಿರಾಣಿ ಅಂಗಡಿಯವರು, ಔಷಧ ಅಂಗಡಿಯವರು, ಬಟ್ಟಿ ಅಂಗಡಿಯವರದು ಜಿಎಸ್‌ಟಿ ಮತ್ತ ಇನ್‌ಕಮ್ ಟ್ಯಾಕ್ಸ್ ಲೆಕ್ಕ ಮಾಡಿ ಕೊಡ್ತಾರ. ಮೂವತ್ತು ವರ್ಷದಿಂದ ಬರೋ ಪಾರ್ಟಿಗಳು ಅದಾರ. ಅಪ್ಪ ಹೋದ ಮ್ಯಾಲೆ ಮಗ ಬರ್ತಾನ. ತಮ್ಮ ಮನ್ಯಾಗ ಹೆಂಡತಿಗೂ ತೋರಿಸದ ಪಾಸ್‌ಬುಕ್ಕು ಇವರ ಕೈಯಾಗ ಕೊಟ್ಟು ಹೋಗ್ತಾರ.

ಪಂಚಮಿಗೆ ಎರಡು ದಿನ ಇತ್ತು. ಉಂಡಿ ಕಟ್ಟಾಕ ಶೇಂಗಾ ಹುರದು ಮುಗಿಸೋದ್ರಾಗ ರಾತ್ರಿ ಹನ್ನೊಂದಾಗಿತ್ತು. ಇವರು ಮಲಗಿದ್ರು. ಆಫೀಸ್ ಖೋಲ್ಯಾಗ 'ಗರ್ರ್ ಗರ್ರ್' ಸಪ್ಪಳ ಬಂತು. ಇಲಿ ಹೊಕ್ಕೈತಿ ಅಂತ ಕಸಬರಿಗಿ ಹಿಡಕೊಂಡು ಹೋಗಿ ದೀಪ ಹಾಕಿದ್ರ, ಪ್ರಿಂಟರ್ ತನ್ನಷ್ಟಕ್ಕ ತಾನ ಕಾಗದ ಉಗಳಾಕತ್ತೈತಿ! ಕಂಪ್ಯೂಟರ್ ಬಂದ್ ಐತಿ. ಲ್ಯಾಪ್‌ಟಾಪ್ ಚೀಲದಾಗ ಐತಿ. ಖೋಲ್ಯಾಗ ನರಪಿಳ್ಳಿ ಇಲ್ಲ. ಎತ್ತಿ ನೋಡಿದ್ರ 'ಭಾರತದ ಸಂವಿಧಾನ: ಪ್ರಮುಖ ತಿದ್ದುಪಡಿಗಳು' ಅಂತ ಮ್ಯಾಲೆ ಬರದೈತಿ. ಮೂವತ್ತೆಂಟು ಹಾಳಿ ಬಂದ ಮ್ಯಾಲೆ ಕಾಗದ ತೀರಿ ಕೆಂಪು ದೀಪ ಹತ್ತಿ ಸುಮ್ಮನಾತು.

ಇವರನ್ನ ಎಬ್ಬಿಸಿದೆ. "ನೀ ಏನರ ಒತ್ತಿರಬೇಕು ನೋಡು" ಅಂದ್ರು. ನಾ ಶೇಂಗಾ ಹುರಿಯಾಕತ್ತಿದ್ದೆ, ಕೈಗಿನ್ನೂ ಸಿಪ್ಪಿ ಹತ್ಯಾವು, ನನಗ್ಯಾಕ ಬೇಕಾಗೈತ್ರಿ ತಿದ್ದುಪಡಿ!

ಮರುದಿನ ನನ್ನ ತಂಗಿ ಮಗಳು ಬೆಂಗಳೂರಿಂದ ಪಂಚಮಿಗೆ ತವರಮನಿಗೆ ಬಂದಾಕಿ ನಮ್ಮನಿಗೂ ಬಂದ್ಲು. ಕಂಪ್ಯೂಟರ್ ಕೆಲಸದಾಗ ಇರಾಕಿ. ಹಿತ್ತಲದಾಗ ಜೋಕಾಲಿ ಕಟ್ಟಿದ್ವಿ, ಅದರ ಮ್ಯಾಲೆ ಕುಂತು ಉಂಡಿ ತಿನ್ಕೋತ ನನ್ನ ಕಥಿ ಕೇಳಿ ಮೊದಲು ನಕ್ಲು. ಆಮ್ಯಾಲೆ ನಗೋದು ನಿಂತು, "ದೊಡ್ಡವ್ವ, ವೈಫೈ ಪಾಸ್‌ವರ್ಡ್ ಏನೈತಿ?" ಅಂದ್ಲು.

"ನಿಮ್ಮ ದೊಡ್ಡಪ್ಪನ ಮೊಬೈಲ್ ನಂಬರು."

ಹೊಸದಾಗಿ ನೆಟ್ ಹಾಕಾಕ ಬಂದ ಹುಡುಗ "ನೆನಪಿಗೆ ಚೊಲೋ ಇರ್ತೈತ್ರಿ" ಅಂತ ಹಂಗ ಇಟ್ಟು ಹೋಗಿದ್ದ. ಆಕಿ ಜೋಕಾಲಿಯಿಂದ ಇಳದು ನನ್ನ ಕೈ ಹಿಡಕೊಂಡು ಗೇಟಿಗೆ ಕರಕೊಂಡು ಹೋದ್ಲು. ಗೇಟಿನ ಮ್ಯಾಲೆ ಬೋರ್ಡು. ಬೋರ್ಡಿನ್ಯಾಗ ಇವರ ಹೆಸರು, ಅದರ ಕೆಳಗ ಗೇಣುದ್ದ ಅಂಕ್ಯಾಗ ಮೊಬೈಲ್ ನಂಬರು. ವೈಫೈ ಹೆಸರೂ ಇವರ ಹೆಸರಿಂದ, ಅದರ ಮುಂದ 'ಟ್ಯಾಕ್ಸ್ ಆಫೀಸ್' ಅಂತ ಬ್ಯಾರೆ. ಕೀಲಿಕೈನ ಬಾಗಲಕ್ಕ ತೋರಣ ಕಟ್ಟಿದಂಗ ಕಟ್ಟಿಟ್ಟಿದ್ವಿ ನೋಡ್ರಿ. ಕಟ್ಟಿ ಮ್ಯಾಲಿನ ಹುಡುಗೂರಿಗೆ ಯಾರೂ ಹೇಳಿಕೊಡೋದ ಬೇಕಾಗಿದ್ದಿಲ್ಲ.

ಆದ್ರ ಬರೇ ಇವರದ ತಪ್ಪು ಅನ್ನಾಕ ಬರಂಗಿಲ್ಲ. ನಾನೂ ಕೇಳಿದವರಿಗೆಲ್ಲಾ ಕೊಟ್ಟೀನಿ. ಹಾಲಿನವನ ಮಗಗ ಪರೀಕ್ಷಾ ಇತ್ತು, ಕೊಟ್ಟೆ. ಮಹಿಳಾ ಮಂಡಳದವರು ನಮ್ಮ ಮನ್ಯಾಗ ಭಜನಿಗೆ ಸೇರಿದಾಗ ಎಲ್ಲಾರ ಫೋನಿಗೂ ಹಾಕಿಕೊಟ್ಟೆ. ಕ್ಯಾಲೆಂಡರಿನ ಹಿಂದ ಬರದೂ ಇಟ್ಟಿದ್ದೆ, ಬಂದವರು ತಾವ ನೋಡ್ಕೊಳ್ಳಲಿ ಅಂತ. ಕೇಳಿದವರಿಗೆ ಇಲ್ಲ ಅನ್ನೋದು ಹೆಂಗ? ನಾವು ಮುಚ್ಚಂಜಿ ಆದ ಮ್ಯಾಲೆ ಹೆಪ್ಪು, ಉಪ್ಪು, ಸೂಜಿ ಮೂರನ್ನ ಇಲ್ಲ ಅನ್ನೋದು ಕಲತವರು. ವೈಫೈ ಪಾಸ್‌ವರ್ಡಿಗೆ ಹಿರಿಯರು ಏನೂ ಹೇಳಿ ಹೋಗಿಲ್ಲ.

"ಕೊಟ್ರ ಏನಾತು? ದುಡ್ಡೇನು ಹೆಚ್ಚಿಗಿ ಬರಂಗಿಲ್ಲಲ್ಲ" ಅಂದ್ರು ಇವರು. ಆಕಿ ಏನೂ ಅನ್ನಲಿಲ್ಲ. ಮತ್ತ ಜೋಕಾಲಿ ಮ್ಯಾಲೆ ಹೋಗಿ ಕುಂತು ತನ್ನ ಫೋನಿನ್ಯಾಗ ಏನೇನೋ ಒತ್ತಿದ್ಲು. ಎರಡು ನಿಮಿಷ ಆಗಿರಲಿಕ್ಕಿಲ್ಲ, ಇವರ ಒಬ್ಬ ಪಾರ್ಟಿ ಹೆಸರು, ಅವರ ಪ್ಯಾನ್ ನಂಬರು, ಬ್ಯಾಂಕಿನ್ಯಾಗ ಎಷ್ಟೈತಿ ಅನ್ನೋದನ್ನ ಓದಾಕ ಚಾಲೂ ಮಾಡಿದ್ಲು.

ಇವರ ಮುಖ ಬೆಳ್ಳಗಾತು. ನನಗ ಇವರ ಸಂಗಡ ಮೂವತ್ತೆರಡು ವರ್ಷ ಆತು, ಅಂಥಾ ಮುಖ ನೋಡಿದ್ದಿಲ್ಲ.

ಆಗಿದ್ದೇನು ಅಂದ್ರ, ಕಂಪ್ಯೂಟರಿಂದ ಲ್ಯಾಪ್‌ಟಾಪಿಗೆ ಕಾಗದಪತ್ರ ತಗೊಳ್ಳಾಕ ಸಲೀಸಾಗ್ಲಿ ಅಂತ ರಿಪೇರಿ ಹುಡುಗ 'ಪಾರ್ಟಿ ಕಾಗದ' ಅನ್ನೋ ಫೋಲ್ಡರ್ ಹಂಚಿಟ್ಟು, ಅದಕ್ಕ ಪಾಸ್‌ವರ್ಡ್ ಬ್ಯಾಡ ಅಂತ ಮಾಡಿ ಹೋಗಿದ್ದ. ಕಂಪ್ಯೂಟರ್ ಚಾಲೂ ಇದ್ದಾಗ ನಮ್ಮ ವೈಫೈ ಹಿಡದವರು ಯಾರ ಇದ್ರೂ ಅದನ್ನ ತಗದು ನೋಡಬಹುದಿತ್ತು. ರಾತ್ರಿ ಪ್ರಿಂಟರ್ ಓಡಿದ್ದೂ ಹಂಗ. ಯಾವನೋ ಹುಡುಗ ನಮ್ಮ ವೈಫೈದಾಗ ಇದ್ದು ಪ್ರಿಂಟ್ ಒತ್ಯಾನ, ಅದು ಹತ್ತರದ ಪ್ರಿಂಟರ್ ಯಾವುದೈತಿ ಹುಡುಕಿ ನಮ್ಮದಕ್ಕ ಬಂದು ಬಿದ್ದೈತಿ. ಅವಗೂ ಅದು ಗೊತ್ತಿರಲಿಕ್ಕಿಲ್ಲ. ಮುಂಜಾನೆತನಕ ಕಾಗದ ಎಲ್ಲಿ ಹೋತು ಅಂತ ಹುಡುಕಿರಬೇಕು.

ಒಂದು ಮಾತು ಸ್ಪಷ್ಟ ಹೇಳ್ತೀನಿ, ಯಾಕಂದ್ರ ಇದನ್ನ ಕೇಳಿ ನಮ್ಮ ಹುಬ್ಬಳ್ಳಿ ಅಕ್ಕ ಫೋನ್‌ಪೇ ತಗದ ಬಿಟ್ಟಾಳಂತ. ಅಷ್ಟು ಅಂಜೋದು ಬ್ಯಾಡ. ಬ್ಯಾಂಕಿನ ಆ್ಯಪು, ಯುಪಿಐ ಇವೆಲ್ಲಾ ತಮ್ಮ ಮಾತನ್ನ ತಾವ ಗಂಟು ಕಟ್ಟಿ ಕಳಸ್ತಾವು, ನಮ್ಮ ವೈಫೈದಾಗ ಕುಂತವ ಅದನ್ನ ಹಂಗ ಬಿಚ್ಚಿ ಓದಾಕ ಬರಂಗಿಲ್ಲ. ನಮಗಿದ್ದ ಭಯ ಬ್ಯಾರೆ. ಮನಿಯೊಳಗ ಬಿಚ್ಚಿಟ್ಟ ಸಾಮಾನು, ಫೋಲ್ಡರು, ಪ್ರಿಂಟರು, ಗೇಟಿನ ಕ್ಯಾಮೆರಾ, ಇವು ಒಳಗ ಬಂದವರ ಕಣ್ಣಿಗೆ ಬೀಳ್ತಾವು. ಇನ್ನೊಂದು, ನಮ್ಮ ವೈಫೈಲೆ ಯಾರರ ಏನರ ಕೆಟ್ಟದ್ದು ಮಾಡಿದ್ರ ಪೊಲೀಸರು ಮೊದಲು ಬರೋದು ನಮ್ಮ ಬಾಗಲಿಗೆ.

ಅದಕ್ಕ ಆಕಿ ಒಂದು ಖರೇ ಸಂಗತಿ ಹೇಳಿದ್ಲು. 2008ರ ಜುಲೈ 26ಕ್ಕ ಅಹಮದಾಬಾದಿನ್ಯಾಗ ಬಾಂಬ್ ಸ್ಫೋಟ ಆದ್ವಲ್ಲ, ಅದಕ್ಕ ಸ್ವಲ್ಪ ಮೊದಲು ಟಿವಿಯವರಿಗೆ ಒಂದು ಇ-ಮೇಲ್ ಬಂದಿತ್ತು. ಎಲ್ಲಿಂದ ಬಂತು ಅಂತ ಹುಡುಕ್ಕೋತ ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬೈದಾಗ ಬಾಡಿಗಿ ಇದ್ದ ಒಬ್ಬ ಅಮೆರಿಕಾದವರ ಮನಿಗೆ. ಅವರು ಏನೂ ಮಾಡಿದ್ದಿಲ್ಲ. ಅವರ ವೈಫೈಗೆ ಸರಿಯಾದ ಕೀಲಿ ಇದ್ದಿಲ್ಲ, ಯಾರೋ ಅದನ್ನ ಹಿಡದು ಕಳಸಿದ್ರು. ಆದ್ರೂ ಅವರ ಕಂಪ್ಯೂಟರ್ ಒಯ್ದು, ಅವರನ್ನ ಕೇಳಿ ಕೇಳಿ ಸಾಕು ಮಾಡಿದ್ರಂತ. ಆ ಸುದ್ದಿ ಕೇಳಿದ ಮ್ಯಾಲೆ ಇವರು ಚಾ ಸುದ್ದಾ ಮುಟ್ಟಲಿಲ್ಲ.

ಇವರು "ನೀನ ಊರಿಗೆಲ್ಲಾ ಹಂಚಿದಿ" ಅಂತ ನನಗ, ನಾ "ನೀವ ಬೋರ್ಡ್ ಹಾಕಿಸೀರಿ" ಅಂತ ಅವರಿಗೆ. ಅದನ್ನ ಬರೆಯಂಗಿಲ್ಲ, ಎಲ್ಲಾರ ಮನ್ಯಾಗೂ ಒಂದ ರಾಗ.

ಊಟಾ ಆದ ಮ್ಯಾಲೆ ಹುಡಗಿ "ದೊಡ್ಡವ್ವ, ಬಾ, ನೀನ ಮಾಡು. ನಾ ನಾಡದು ಹೋಗಾಕಿ" ಅಂತ ನನ್ನ ಕೈಯಾಗ ಮೌಸ್ ಕೊಟ್ಲು. ನಾ ಪಿಯುಸಿ ಮುಗಿಸಿ ಮದುವಿ ಆದಾಕಿ, ಕಂಪ್ಯೂಟರ್ ಮ್ಯಾಲಿನ ಧೂಳ ಒರಸೋದು ಬಿಟ್ರ ಮುಟ್ಟಿದ್ದಿಲ್ಲ. ಮೊದಲು ಡಬ್ಬಿ ತಿರುವಿ ನೋಡಿದ್ವಿ. ಹಿಂದ ಒಂದು ಚೀಟಿ ಹಚ್ಚಿರ್ತಾರ, ಅದರ ಮ್ಯಾಲೆ 192.168.1.1 ಅಂತ ಇತ್ತು, ಕೆಲವು ಡಬ್ಬಿಗೆ ಬ್ಯಾರೆ ಇರ್ತೈತಿ. ಅದನ್ನ ಗೂಗಲ್‌ದಾಗ ಹುಡುಕೋದಲ್ಲ, ವೆಬ್‌ಸೈಟಿನ ಹೆಸರು ಬರಿಯೋ ಜಾಗಾದಾಗ ಬರಿಯೋದು. ಆಗ ಡಬ್ಬೀದ ಸ್ವಂತ ಬಾಗಲಾ ತೆರೀತೈತಿ. ಅಲ್ಲೆ ಹೆಸರು ಕೇಳ್ತು, ಅಡ್ಮಿನ್. ಪಾಸ್‌ವರ್ಡ್ ಕೇಳ್ತು, ಅದೂ ಅಡ್ಮಿನ್! ಚೀಟಿ ಮ್ಯಾಲೆ ಬರದಿದ್ದ ಹಂಗ ಇತ್ತು, ಯಾರೂ ಬದಲಿ ಮಾಡಿದ್ದಿಲ್ಲ.

ಇಲ್ಲೆ ನೀವು ಎರಡು ಪಾಸ್‌ವರ್ಡ್ ಬ್ಯಾರೆ ಬ್ಯಾರೆ ಅಂತ ತಿಳ್ಕೋಬೇಕು. ಒಂದು ವೈಫೈ ಹಿಡಿಯೋದು, ಅದು ಮನಿ ಕೀಲಿಕೈ. ಇನ್ನೊಂದು ಡಬ್ಬೀದು, ಅದು ಕೀಲಿನ ಬದಲಿ ಮಾಡೋ ಅಧಿಕಾರ. ಮೊದಲನೇದು ಇದ್ದವಗ ಎರಡನೇದೂ ಗೊತ್ತಿದ್ರ ಅವ ನಮ್ಮನ್ನ ನಮ್ಮ ಮನಿಯಿಂದ ಹೊರಗ ಹಾಕಬಹುದು. 2016ರಾಗ ಮಿರಾಯ್ ಅಂತ ಒಂದು ಕೆಟ್ಟ ಪ್ರೋಗ್ರಾಂ ಜಗತ್ತಿನ ತುಂಬ ಹಬ್ಬಿತ್ತಂತ. ಅದು ಮಾಡಿದ್ದು ಇಷ್ಟ. ಮನಿ ಮನಿ ಕ್ಯಾಮೆರಾ, ರೂಟರು ಹುಡುಕಿ ಕಂಪನಿಯಿಂದ ಬಂದಾಗ ಇದ್ದ ಹೆಸರು, ಪಾಸ್‌ವರ್ಡ್ ಹಾಕಿ ನೋಡೋದು. ಜನ ಬದಲಿ ಮಾಡಿರಂಗಿಲ್ಲ ಅನ್ನೋ ನಂಬಿಗಿ ಮ್ಯಾಲೆ ನಡದ ಕಳ್ಳತನ.

ಡಬ್ಬಿ ಒಳಗ ಒಂದು ಪಟ್ಟಿ ಇತ್ತು, ಈಗ ಯಾರ್ಯಾರು ವೈಫೈ ಹಿಡದಾರ ಅಂತ. ಹತ್ತೊಂಬತ್ತು! ನಮ್ಮವು ಎಣಿಸಿದೆ. ಎರಡು ಫೋನು, ಕಂಪ್ಯೂಟರು, ಲ್ಯಾಪ್‌ಟಾಪು, ಪ್ರಿಂಟರು, ಟಿವಿ, ಕ್ಯಾಮೆರಾ, ಏಳಾದ್ವು. ಹುಡಗಿ ಫೋನು ಎಂಟು. ಬಾಜು ಮನಿ ವೈನಿ ಮಗಳದು ಒಂಬತ್ತು. ಉಳದ ಹತ್ತು ಯಾರವು? ಕಿಡಕ್ಯಾಗಿಂದ ಹಣಿಕಿ ನೋಡಿದೆ. ಕಟ್ಟಿ ಮ್ಯಾಲೆ ಆರು ಮಂದಿ ತಲಿ ಬಗ್ಗಿಸಿ ಕುಂತಿದ್ರು.

ಹೊಸಾ ಪಾಸ್‌ವರ್ಡ್ ಹೆಂಗ ಇರಬೇಕು ಅನ್ನೋದಕ್ಕ ಭಾಳ ಹೊತ್ತು ಹೋತು. ಬರೇ ಅಂಕಿ ಇಡಬಾರದು. ಮೊಬೈಲ್ ನಂಬರು ಅಂದ್ರ 6ರಿಂದ 9ರ ಒಳಗ ಚಾಲೂ ಆಗಿ ಹತ್ತು ಅಂಕಿ, ಎಲ್ಲಾ ಕೂಡಿ 400 ಕೋಟಿ. ನಮಗ ಅದು ದೊಡ್ಡದು, ಒಂದು ಗಟ್ಟಿ ಕಂಪ್ಯೂಟರಿಗೆ ಏನೂ ಅಲ್ಲ. ಹತ್ತರ ನಿಂತು ನಮ್ಮ ಫೋನು ಡಬ್ಬಿ ಕೂಡ ಮಾಡೋ ಮೊದಲ ಮಾತುಕತಿ ಹಿಡಕೊಂಡು ಹೋಗಿ, ತನ್ನ ಮನ್ಯಾಗ ಕುಂತು ಒಂದೊಂದ ಹಾಕಿ ನೋಡ್ತಾನಂತ. ಎಂಟು ಅಕ್ಷರ ಕಮ್ಮೀತ ಕಮ್ಮಿ, ಅರವತ್ಮೂರರ ತನಕ ಇಡಾಕ ಬರ್ತೈತಿ. ಉದ್ದ ಇದ್ದಷ್ಟು ಚೊಲೋ. ಒಂದಕ್ಕೊಂದು ಸಂಬಂಧ ಇರದ ನಾಲ್ಕೈದು ಶಬ್ದ ಕೂಡಿಸೋದು ಸಲೀಸು. ಎಮ್ಮಿ, ಸೇರು, ಕಿಡಕಿ, ಹುಣಸಿ ಅಂದಂಗ, ಇಂಗ್ಲಿಷ್ ಅಕ್ಷರದಾಗ, ನಡು ನಡು ಅಂಕಿ. ನಾ ಇಟ್ಟದ್ದು ಇದಲ್ಲ, ಹಾಕಿ ನೋಡಬ್ಯಾಡ್ರಿ.

ಡಬ್ಬಿ ಮ್ಯಾಲೆ ಡಬ್ಲ್ಯುಪಿಎಸ್ ಅಂತ ಒಂದು ಗುಂಡಿ ಇರ್ತೈತಿ, ಪಾಸ್‌ವರ್ಡ್ ಇಲ್ಲದ ಜೋಡಸಾಕ. ಅದರ ಜೋಡಿ ಎಂಟು ಅಂಕಿ ಪಿನ್ ಒಂದು ಇರ್ತೈತಿ. ಎಂಟು ಅಂಕಿ ಅಂದ್ರ ಹತ್ತು ಕೋಟಿ ಆಗಬೇಕಲ್ಲ? ಆದ್ರ ಡಬ್ಬಿ ಮೊದಲ ನಾಲ್ಕು ಅಂಕಿ ಸರಿ ಐತೋ ಇಲ್ಲೋ ಅಂತ ಬ್ಯಾರೆ ಹೇಳಿಬಿಡ್ತೈತಿ. ಅದು 10,000. ಉಳದ ನಾಲ್ಕರಾಗ ಕಡೀದು ಉಳದವುಗಳಿಂದ ಲೆಕ್ಕಾ ಹಾಕಿ ಬರೋದು, ಹಂಗಾಗಿ ಮೂರ ಅಂಕಿ, 1,000. ಎರಡೂ ಕೂಡಿ 11,000 ಸಲ ಹಾಕಿ ನೋಡಿದ್ರ ಮುಗೀತು. 2011ರಾಗ ಇದನ್ನ ಕಂಡುಹಿಡದು ಜಾಹೀರ ಮಾಡ್ಯಾರ. ಈ ಲೆಕ್ಕಾನ ನಾ ಪೆನ್ಸಿಲ್ ಹಿಡದು ಕ್ಯಾಲೆಂಡರ್ ಹಿಂದ ಮಾಡಿದೆ, ಪಾಸ್‌ವರ್ಡ್ ಬರದಿದ್ದ ಜಾಗಾದ ಕೆಳಗ. ತಿಳೀತು ನೋಡ್ರಿ! ಪಿಯುಸಿಯಾಗ ಗಣಿತದಾಗ ನನಗ ಚೊಲೋ ಮಾರ್ಕ್ಸ್ ಬಂದಿದ್ವು, ಈ ಮನ್ಯಾಗ ಯಾರೂ ಕೇಳಿದ್ದಿಲ್ಲ. ಆ ಡಬ್ಲ್ಯುಪಿಎಸ್ ಬಂದ್ ಮಾಡಿದ್ವಿ.

ಕೀಲಿಯೊಳಗೂ ಹಳೇದು ಹೊಸದು ಅದಾವು. ಡಬ್ಲ್ಯುಇಪಿ ಅನ್ನೋದು 2001ರಾಗನ ಮುರದ ಬಿದ್ದೈತಿ, ಅದನ್ನ ಇಟ್ಕೊಂಡ್ರೂ ಒಂದ, ಬಿಟ್ರೂ ಒಂದ. ಡಬ್ಲ್ಯುಪಿಎ2 ಇಲ್ಲಾ ಡಬ್ಲ್ಯುಪಿಎ3 ಇರಬೇಕು. ನಾವು ಹೊಸದು ಮೂರನೇದ ಇಟ್ವಿ, ಪ್ರಿಂಟರ್ ಮುನಸ್ಕೊಂಡು ಕುಂತ್ತು. ಹಳೇ ಪ್ರಿಂಟರ್, ಅದಕ್ಕ ಮೂರನೇದು ತಿಳಿಯಂಗಿಲ್ಲ. ಮತ್ತ ಎರಡಕ್ಕ ಬಂದ್ವಿ. ವೈಫೈ ಹೆಸರು ಕಾಣದಂಗ ಮುಚ್ಚಿಡೋಣು ಅಂದೆ ನಾ. ಅದರಿಂದ ಉಪಯೋಗಿಲ್ಲ, ಹುಡುಕೋ ಯಂತ್ರಕ್ಕ ಹೆಂಗಿದ್ರೂ ಕಾಣಸ್ತೈತಿ ಅಂದ್ಲು. ಡಬ್ಬೀದ ಸಾಫ್ಟ್‌ವೇರ್ ಹೊಸದು ಮಾಡಿದ್ಲು. ಹೊರಗಿನಿಂದ ಡಬ್ಬಿ ಬಾಗಲಾ ತೆಗಿಯೋ ಸೌಲಭ್ಯ ಬಂದ್ ಮಾಡಿದ್ಲು. ಫೋಲ್ಡರಿಗೆ ಪಾಸ್‌ವರ್ಡ್ ಇವರ ಕೈಲೆ ಹಾಕಿಸಿದ್ಲು. ಸಂಜಿ ಆರಕ್ಕ ಎಲ್ಲಾ ಮುಗೀತು. ಕಟ್ಟಿ ಮ್ಯಾಲಿನ ಹುಡುಗೂರು ಒಮ್ಮೆಲೆ ತಲಿ ಎತ್ತಿ ಒಬ್ಬರ ಮುಖ ಒಬ್ಬರು ನೋಡಿದ್ರು. ನಾನೂ ಹುಡಗೀನೂ ಕಿಡಕಿ ಹಿಂದ ನಿಂತು ಬಾಯಿಗೆ ಸೆರಗ ಹಚ್ಚಿ ನಕ್ಕಿದ್ದ ನಕ್ಕಿದ್ದು.

ಮುಂಜಾನೆ ನಗು ಹಾರಿತು. ಬಾಜು ಮನಿ ವೈನಿ ಬಟ್ಟಲಾ ಹಿಡಕೊಂಡು ಬಂದು ಬಾಗಲದಾಗ ನಿಂತ್ರು. "ಅಕ್ಕಾರ, ಒಂದೀಟು ಹೆಪ್ಪು ಕೊಡ್ರಿ."

(ಇದನ್ನ ಅವರನ್ನ ಕೇಳೇ ಬರದೀನಿ.) ಅವರ ಯಜಮಾನ್ರು ತೀರಿಕೊಂಡು ನಾಲ್ಕು ವರ್ಷ ಆತು. ರೊಟ್ಟಿ ಬಡದು ಖಾನಾವಳಿಗೆ ಕೊಡ್ತಾರ. ಮಗಳು ಪಿಯುಸಿ ಎರಡನೇ ವರ್ಷ, ಸಾಯನ್ಸು. ಕ್ಲಾಸಿಗೆ ಹಾಕೋ ರೊಕ್ಕಿಲ್ಲ, ಫೋನಿನ್ಯಾಗ ಪಾಠ ನೋಡ್ಕೊಂಡು ಓದ್ತಾಳ. ನಮ್ಮ ಗ್ವಾಡಿಗೆ ಹತ್ತಿದ ಅವರ ಹಿಂದಿನ ಖೋಲ್ಯಾಗ ನಮ್ಮ ವೈಫೈ ಚೊಲೋ ಬರ್ತೈತಿ ಅಂತ ಹುಡಗಿ ಹಾಸಗಿ ಸುದ್ದಾ ಅಲ್ಲೇ ಹಾಕ್ಕೊಂಡೈತಿ. ಇದೆಲ್ಲಾ ನನಗ ಗೊತ್ತಿತ್ತು. ಹಿಂದಿನ ದಿನ ಒತ್ತುಮುಂದ ನೆನಪಾಗಲಿಲ್ಲ.

ಅವರ ಮನ್ಯಾಗ ಹೆಪ್ಪು ಎಂದೂ ತೀರಿದ್ದಿಲ್ಲ. ಬಟ್ಟಲದಾಗ ಮೊಸರು ಹಾಕಿಸಿಕೊಂಡು, ಮೂಲ್ಯಾಗಿನ ಡಬ್ಬಿ ಕಡೆ ಒಂದು ಸಲ ನೋಡಿ, "ಬರ್ತೀನ್ರಿ" ಅಂದು ಹೋದ್ರು. ನೆಟ್ ಬರವಲ್ದು ಅಂತ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ಅರ್ಧಾ ನಿಮಿಷ ನನಗ ಇನ್ನೂ ಹೊಟ್ಟ್ಯಾಗ ಚುಚ್ಚತೈತಿ.

ಇವರು "ಪಾರ್ಟಿಗಳ ಕಾಗದ ಅದಾವು, ಇನ್ನ ಯಾರಿಗೂ ಕೊಡೋದು ಬ್ಯಾಡ" ಅಂದ್ರು. ಅವರ ಮಾತೂ ಸುಳ್ಳಲ್ಲ. ಹುಡಗಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. "ಅಯ್ಯ ದೊಡ್ಡವ್ವ, ಪಡಸಾಲಿ ಅದಕ್ಕ ಇರೋದಲ್ಲ!" ಅಂದ್ಲು. ಒಂದ ಡಬ್ಬೀಲೆ ಎರಡು ವೈಫೈ ಮಾಡಾಕ ಬರ್ತೈತಂತ. ಒಂದು ನಮ್ಮದು, ಒಂದು ಬಂದವರದು. ಬಂದವರದ್ದರಾಗ ಇದ್ದವರು ನೆಟ್ ನೋಡಬಹುದು, ಒಳಗಿನ ಪ್ರಿಂಟರು, ಕಂಪ್ಯೂಟರು ಅವರಿಗೆ ಕಾಣಂಗಿಲ್ಲ. ನಮ್ಮ ಹಳ್ಳಿ ಮನ್ಯಾಗ ಬಂದವರು ಪಡಸಾಲ್ಯಾಗ ಕುಂತು ಉಂಡು ಹೋಗ್ತಿದ್ರು, ಅಡಗಿ ಮನಿಗೆ ಯಾರೂ ಬರ್ತಿದ್ದಿಲ್ಲ, ಯಾರೂ ಬ್ಯಾಸರಾನೂ ಮಾಡ್ಕೋತಿದ್ದಿಲ್ಲ. ಇಷ್ಟು ಗೊತ್ತಿದ್ದ ನಮಗ ಇದು ಹೊಳಿಲಿಲ್ಲ ನೋಡ್ರಿ.

ಈ ಸಲ ಹುಡಗಿ ಫೋನಿನ್ಯಾಗ ಹೇಳಿದ್ಲು, ನಾನ ಮಾಡಿದೆ. ಗೆಸ್ಟ್ ಅಂತ ಬರದಿರ್ತೈತಿ, ಅದನ್ನ ಚಾಲೂ ಮಾಡೋದು. ಬರೇ ಎರಡನೇ ಹೆಸರು ಇಟ್ರ ಸಾಲಂಗಿಲ್ಲ, ಒಳಗಿನದು ಕಾಣಬಾರದು ಅನ್ನೋ ಖೂನಾ ಹಾಕಬೇಕು, ಇದನ್ನ ಮರಿಬ್ಯಾಡ್ರಿ. ಮರತ್ರ ಅದು ಪಡಸಾಲಿ ಅಲ್ಲ, ಎರಡನೇ ಬಾಗಲಾ ಅಷ್ಟ. ಆಮ್ಯಾಲೆ ನನ್ನ ಫೋನನ್ನ ಅದಕ್ಕ ಹಚ್ಚಿ ಪ್ರಿಂಟರ್ ಹುಡುಕಿದೆ. ಸಿಗಲಿಲ್ಲ. ಸಿಗಲಿಲ್ಲ ಅಂತ ಅಷ್ಟು ಖುಷಿ ಆಗಿದ್ದು ಅದ ಮೊದಲು. ಹೆಸರಿನ್ಯಾಗ ನಮ್ಮ ಗುರುತು ಇರೋದು ಬ್ಯಾಡ ಅಂದಿದ್ಲು. ಅದಕ್ಕ ಹೊರಗಿಂದಕ್ಕ 'ಪಡಸಾಲಿ', ಒಳಗಿಂದಕ್ಕ 'ಅಡಗಿಮನಿ' ಅಂತ ಇಟ್ಟೆ. ತಮ್ಮ ಆಫೀಸು ಅಡಗಿಮನಿ ಮ್ಯಾಲೆ ನಡೀತೈತಿ ಅಂತ ಇವರಿಗೆ ಎರಡು ದಿನ ಸಿಟ್ಟಿತ್ತು. ಟಿವಿ, ಕ್ಯಾಮೆರಾನೂ ಪಡಸಾಲಿಗೆ ಹಾಕೀನಿ, ಅವಕ್ಕ ಒಳಗೇನು ಕೆಲಸ?

ಮಧ್ಯಾಹ್ನ ನಾನ ವೈನಿ ಮನಿಗೆ ಹೋಗಿ ಹುಡಗಿ ಫೋನಿಗೆ ಹಾಕಿಕೊಟ್ಟು, ನಡದದ್ದೆಲ್ಲಾ ಹೇಳಿದೆ, ಪ್ರಿಂಟರ್ ಕಥೀನೂ. ವೈನಿ "ನಾವ ಏನರ ತಪ್ಪು ಮಾಡೀವಿ ಅಂತ ರಾತ್ರಿ ನಿದ್ದಿ ಬಂದಿಲ್ರಿ ಅಕ್ಕಾರ" ಅಂದ್ರು. ಅಮಾಸಿಗೊಮ್ಮೆ ದೇವರ ಮನಿ ತೊಳಿಯೋ ದಿನ ಪಡಸಾಲಿ ಪಾಸ್‌ವರ್ಡ್ ಬದಲಿ ಮಾಡ್ತೀನಿ, ಹುಡಗಿ ಬಂದು ಹೊಸದು ಬರಕೊಂಡು ಹೋಗ್ತಾಳ. ಪಡಸಾಲೀಲೆ ಏನ ಮಾಡಿದ್ರೂ ಹೊರಗ ಹೋಗೋದು ನಮ್ಮ ಹೆಸರಿಲೆನ. ಅದಕ್ಕ ಅದನ್ನೂ ಗುರುತಿದ್ದವರಿಗೆ ಬಿಟ್ಟು ಕೊಡಂಗಿಲ್ಲ. ಇದನ್ನ ಓದಾಕತ್ತ ನೀವೆಲ್ಲಾ ಬಂದ್ರ ಕೊಡ್ತೀನಿ. ಒಳಗಿಂದು ನಮ್ಮ ಮಗಗೂ ಕೇಳಿದ ಮ್ಯಾಲೆ.

ಗೇಟಿನ ಬೋರ್ಡ್ ಹಂಗ ಐತಿ, ಈಗ ಅದು ಬರೇ ಫೋನ್ ನಂಬರು.

ಆ ಮೂವತ್ತೆಂಟು ಹಾಳಿ ನಾಲ್ಕು ದಿನ ಟೇಬಲ್ ಮ್ಯಾಲೆ ಇದ್ವು. ಒಗಿಯಾಕ ಮನಸ್ಸು ಬರಲಿಲ್ಲ, ಯಾವನೋ ಓದಾಕ ತಗಸಿದ್ದು. ಒಂದಿನ ಮುಂಜಾನೆ ರಂಗೋಲಿ ಹಾಕಾಕ ಹೋದಾಗ ಕಟ್ಟಿ ಮ್ಯಾಲೆ ಇಟ್ಟು, ಹಾರಬಾರದಂತ ಒಂದು ಕಲ್ಲು ಹೇರಿ ಬಂದೆ. ಹೊತ್ತು ಏರೋದ್ರಾಗ ಕಾಗದ ಇದ್ದಿಲ್ಲ, ಕಲ್ಲು ಇತ್ತು. ಕಟ್ಟಿ ಮ್ಯಾಲೆ ಈಗ ಇಬ್ಬರ ಹುಡುಗೂರು ಬಂದು ಕುಂಡ್ರತಾರ, ಕೈಯಾಗ ಪುಸ್ತಕ ಹಿಡಕೊಂಡು. ಅವರಿಬ್ಬರೂ ಖರೇನ ಗಾಳಿಗೆ ಬರ್ತಿದ್ರು ಅಂತ ಕಾಣಸ್ತೈತಿ.